ಹೂಕುಂಡದಡಿಯ ನೆರೆಹೊರೆ

ನಿಮ್ಮ ಮನೆಯಂಗಳದಲ್ಲೂ ಒಂದೆರಡು ಹೂಕುಂಡಗಳಿರಬಹುದು. ಅವುಗಳನ್ನು ಮೆಲ್ಲನೆ ಎತ್ತಿ ಅಡಿಯಲ್ಲಿ ಏನಿದೆ ಎಂದು ಎಂದಾದರೂ ನೋಡಿದ್ದೀರಾ? ನಾನೂ ನೋಡಿದವಳಲ್ಲ. ಮಣ್ಣಿನತ್ತ ನಾನು ಮೊದಲು ಬಗ್ಗಿದ್ದು ಮದ್ದು ಸುರಿಯುವುದಕ್ಕೆ. ಆ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

ಅದು 2020ರ ಮಳೆಗಾಲ. ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದ್ದವು. ಎಂಟು ವರ್ಷದ ಮಗ ದಿನವಿಡೀ ಮನೆಯಲ್ಲೇ ಇದ್ದ. ಒಂದು ಬೆಳಿಗ್ಗೆ ಮಲ್ಲಿಗೆಯ ಕುಂಡದ ಮಣ್ಣು ಕೆದಕಿದಾಗ, ಸಾಸಿವೆಗಿಂತಲೂ ಸಣ್ಣ ಬಿಳಿ ಚುಕ್ಕೆಗಳು ಚಂಗನೆ ಹಾರಿದವು. ಗಿಡಕ್ಕೆ ಹುಳ ಬಿತ್ತೆಂದು ಗಾಬರಿಯಾಗಿ ಕೀಟನಾಶಕ ಸುರಿದೆ. ಸಂಜೆ ನೋಡಿದರೆ ಮಗ ಕುಂಡದ ಬಳಿ ಕುಳಿತಿದ್ದಾನೆ. "ಉಮ್ಮಾ, ಒಂದೂ ಹಾರುತ್ತಿಲ್ಲ. ಅವು ನಮಗೆ ಏನು ಮಾಡಿದ್ದವು?" ಎಂದು ಕೇಳಿದ. ಒಂದು ವಾರದಿಂದ ಅವನು ಅವುಗಳನ್ನೇ ನೋಡುತ್ತಿದ್ದನಂತೆ. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಹುಡುಕಲು ಹೊರಟಾಗಲೇ ತಿಳಿದದ್ದು, ಅವು ಸ್ಪ್ರಿಂಗ್‌ಟೇಲ್ ಎಂಬ ಜೀವಿಗಳೆಂದು. ಅವುಗಳ ಹೊಟ್ಟೆಯಡಿ ಕವಲೊಡೆದ ಬಾಲವೊಂದು ಮಡಚಿ, ಕೊಕ್ಕೆಗೆ ಸಿಕ್ಕಿಸಿಟ್ಟಂತೆ ಇರುತ್ತದೆ. ಅಪಾಯ ಬಂದಾಗ ಕೊಕ್ಕೆ ಕಳಚಿ ಬಾಲ ನೆಲಕ್ಕೆ ಬಡಿಯುತ್ತದೆ, ಹುಳು ಮೇಲಕ್ಕೆ ಚಿಮ್ಮುತ್ತದೆ. ಕೊಳೆತ ಎಲೆ, ಬೂಷ್ಟುಗಳೇ ಅವುಗಳ ಮುಖ್ಯ ಆಹಾರ. ಗಿಡಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ, ಬದಲಾಗಿ ಕಸ ಗೊಬ್ಬರವಾಗಲು ಅವು ನೆರವಾಗುತ್ತವೆ. ಸ್ಕಾಟ್‌ಲೆಂಡಿನ ಕಲ್ಲಿನಲ್ಲಿ ಸಿಕ್ಕ ಇವುಗಳ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷ ವಯಸ್ಸು. ಅಷ್ಟು ಹಳೆಯ ವಂಶದವರನ್ನು ನಾನು ಒಂದು ಮುಚ್ಚಳ ಮದ್ದಿನಿಂದ ಮುಗಿಸಿದ್ದೆ!

ಅಂದಿನಿಂದ ಮಗನೂ ನಾನೂ ಸೇರಿ ನೋಡತೊಡಗಿದೆವು. ಮೊಬೈಲಿಗೆ ಸಿಕ್ಕಿಸುವ ಒಂದು ಸಣ್ಣ ಮ್ಯಾಕ್ರೋ ಲೆನ್ಸ್ ತರಿಸಿಕೊಂಡೆವು. ಫೋಟೋ ತೆಗೆಯುವುದು ಅಂದುಕೊಂಡಷ್ಟು ಸುಲಭವಲ್ಲ. ಲೆನ್ಸ್ ತೀರಾ ಹತ್ತಿರ ಬರಬೇಕು, ಕೈ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಮಸುಕು. ಮೊಣಕೈ ನೆಲಕ್ಕೂರಿ, ಉಸಿರು ಬಿಗಿಹಿಡಿದು, ಪಕ್ಕದಿಂದ ಬೆಳಕು ಬೀಳುವಂತೆ ಮಾಡಿ ಹತ್ತಾರು ಚಿತ್ರ ತೆಗೆದರೆ ಒಂದು ಸರಿಯಾಗುತ್ತದೆ. ಆ ಒಂದರಲ್ಲಿ ಮೀಸೆ ತಿರುವುವ ಪುಟ್ಟ ಮುಖ ಕಂಡಾಗ ಮಗ ಕುಣಿದಾಡಿದ.

ನೀವೂ ಒಂದು ಪ್ರಯೋಗ ಮಾಡಬಹುದು. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಆಲಿಕೆಯಂತೆ ತಲೆಕೆಳಗಾಗಿ ಕೆಳಭಾಗದೊಳಗೆ ಇಡಿ. ಆಲಿಕೆಯಲ್ಲಿ ಜಾಲರಿ ಹಾಕಿ, ಅದರ ಮೇಲೆ ಒಂದು ಹಿಡಿ ಕೊಳೆತ ತರಗೆಲೆ ಹರಡಿ. ಮೇಲಿಂದ ಟೇಬಲ್ ಲ್ಯಾಂಪಿನ ಬೆಳಕು ಬೀಳಲಿ, ಆದರೆ ಬಲ್ಬು ಎಲೆಗೆ ತಾಗದಿರಲಿ. ಬೆಳಕಿಗೂ ಒಣಗುವಿಕೆಗೂ ಹೆದರಿ ಜೀವಿಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಇಟಲಿಯ ಕೀಟ ವಿಜ್ಞಾನಿ ಅಂಟೋನಿಯೊ ಬೆರ್ಲೇಸೆ 1905ರಲ್ಲಿ ತಿಳಿಸಿದ ಉಪಾಯದ ಒಂದು ರೂಪವಿದು. ಅವು ಸಾಯದಂತೆ ಕೆಳಗೆ ಒದ್ದೆ ಕಾಗದ ಇಡಿ. ನೋಡಿಯಾದ ಬಳಿಕ ತಂದಲ್ಲೇ ಬಿಟ್ಟುಬಿಡಿ.

ಇವುಗಳಿಗೆ ಇಷ್ಟೇಕೆ ಮಹತ್ವ ಎನ್ನುತ್ತೀರಾ? ಡಾರ್ವಿನ್ ತನ್ನ ಕೊನೆಯ ಪುಸ್ತಕವನ್ನು 1881ರಲ್ಲಿ ಬರೆದದ್ದು ಎರೆಹುಳುಗಳ ಬಗ್ಗೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, ಭೂಮಿಯ ಜೀವಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ. 59ರಷ್ಟು, ಮಣ್ಣಿನಲ್ಲಿವೆ. ನಾವು ಕಾಡು ನೋಡಲು ದೂರ ಹೋಗುತ್ತೇವೆ. ಒಂದು ಕಾಡು ನಮ್ಮ ಮೆಟ್ಟಿಲ ಬಳಿಯೇ ಇದೆ.

ಮರುವರ್ಷ ಜೂನ್‌ನಲ್ಲಿ ಕುಂಡದ ಮಣ್ಣಿನಲ್ಲಿ ಬಿಳಿ ಚುಕ್ಕೆಗಳು ಮತ್ತೆ ಹಾರಿದವು. "ಉಮ್ಮಾ, ಬಂದಿವೆ!" ಎಂದು ಮಗ ಕೂಗಿದಾಗ ಅಡಿಗೆಮನೆಯಿಂದ ಓಡಿದೆ, ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು. ಅವನೀಗ ನನಗಿಂತ ಎತ್ತರ. ಆದರೂ ಕಲ್ಲೆತ್ತಿ ನೋಡಿದರೆ, ಮೊದಲಿದ್ದಂತೆಯೇ ಮೆಲ್ಲನೆ ಮರಳಿಡುತ್ತಾನೆ.

ನನ್ನದೊಂದು ಸಣ್ಣ ಕೋರಿಕೆ. ನಿಮ್ಮ ಕುಂಡದಲ್ಲೂ ಏನಾದರೂ ಹಾರಿದರೆ, ಮದ್ದಿನ ಮುಚ್ಚಳ ತೆರೆಯುವ ಮೊದಲು ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಮಗುವನ್ನೂ ಕೂರಿಸಿಕೊಳ್ಳಿ. "ಅವು ನಮಗೆ ಏನು ಮಾಡಿದ್ದವು?" ಎಂಬ ಪ್ರಶ್ನೆ ನಿಮಗೆ ಬಾರದಿರಲಿ.