ಮುಂದಿನ ಸ್ಟೇಷನ್ ಮುತ್ಯಾನ ಊರು

ಮಗಳು ಚಿನ್ನಿಗೆ ಮೂರು ವರ್ಷ. ಮಗ ಗುಂಡನಿಗೆ ಒಂದೂವರೆ. ಬೆಂಗಳೂರಿನಿಂದ ನನ್ನ ತವರು ಸನ್ನತಿಗೆ ಐನೂರು ಕಿಲೋಮೀಟರಿಗೂ ಜಾಸ್ತಿ. ಈ ಮೂರು ಲೆಕ್ಕ ಒಟ್ಟಿಗೆ ಇಟ್ಟು ನೋಡಿದರೆ ಯಾವ ಅಪ್ಪ-ಅಮ್ಮನಿಗಾದರೂ ಬೆವರು ಬರುತ್ತೆ.

ಹೋದ ವರ್ಷ ನಾವು ಸುಲಭದ ದಾರಿ ಹಿಡಿದಿದ್ದೆವು. ಮುಂದಿನ ಸೀಟಿನ ಬೆನ್ನಿಗೆ ಫೋನ್ ಸಿಕ್ಕಿಸಿ, ಕಾರ್ಟೂನ್ ಹಾಕಿ, ಉಸ್ಸಪ್ಪ ಅಂತ ಕೂತಿದ್ದೆವು. ಬಳ್ಳಾರಿ ಬರುವಷ್ಟರಲ್ಲಿ ಚಿನ್ನಿ ಎರಡು ಸಲ ವಾಂತಿ ಮಾಡಿಕೊಂಡಳು. ಕಾರು ಓಡುತ್ತಿದೆ ಅಂತ ಕಿವಿಯೊಳಗಿನ ಸಮತೋಲನದ ಅಂಗ ಮಿದುಳಿಗೆ ಹೇಳುತ್ತಿರುತ್ತೆ, ಅಲುಗಾಡದ ಸ್ಕ್ರೀನ್ ನೋಡುವ ಕಣ್ಣು ಮಾತ್ರ ನಾವು ನಿಂತಿದ್ದೀವಿ ಅನ್ನುತ್ತೆ. ಇಬ್ಬರ ಜಗಳದಲ್ಲಿ ಹೊಟ್ಟೆ ತೊಳೆಸುತ್ತೆ. ಇದು ನನಗೆ ಆಮೇಲೆ ಗೊತ್ತಾಯಿತು.

ಆದರೆ ನನ್ನನ್ನು ಕಾಡಿದ್ದು ವಾಂತಿ ಅಲ್ಲ.

ಸಂಜೆ ಮನೆ ಮುಂದೆ ಕಾರು ನಿಂತಾಗ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. ಮಕ್ಕಳಿಗೆ ಅವರು ಮುತ್ಯಾ. ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಚಿನ್ನಿ ಅವರ ಜೊತೆ ಅರ್ಧ ಗಂಟೆ ಹರಟುತ್ತಾಳೆ. ಆ ಧೈರ್ಯದ ಮೇಲೆ ಅವರು ಕೈ ಚಾಚಿದರು. ಫೋನ್ ಕಿತ್ತುಕೊಂಡ ಸಿಟ್ಟಿನಲ್ಲಿದ್ದ ಚಿನ್ನಿ ಆ ಕೈ ತಳ್ಳಿ ಚೀರಿದಳು. "ಈ ಮುತ್ಯಾ ಬೇಡ! ಫೋನ್ ಮುತ್ಯಾ ಬೇಕು!"

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ರಾತ್ರಿ ಅಂಗಳದಲ್ಲಿ ಅಮ್ಮನ ಹತ್ತಿರ ಹೇಳುತ್ತಿದ್ದುದು ಮಾತ್ರ ನನ್ನ ಕಿವಿಗೆ ಬಿತ್ತು: "ನಾ ಫೋನಿನ್ಯಾಗೇ ಛಂದ ಕಾಣ್ತೀನೇನೋ." ಮೂರು ದಿನದ ರಜೆಯಲ್ಲಿ ಎರಡು ದಿನ ಚಿನ್ನಿ ಅವರ ಹತ್ತಿರ ಹೋಗಲಿಲ್ಲ. ಮೂರನೇ ದಿನ ಹೋದಳು. ಆದರೆ ಅವತ್ತೇ ನಾವು ಹೊರಡಬೇಕಿತ್ತು.

ಈ ವರ್ಷ ಎಳ್ಳ ಅಮಾವಾಸ್ಯೆಗೆ ಬನ್ನಿ ಅಂತ ಕರೆ ಬಂದಾಗ ನಾನು ಗಂಡನಿಗೆ ಹೇಳಿದೆ, "ಈ ಸಲ ಕಾರಲ್ಲಿ ವಿಡಿಯೋ ಇಲ್ಲ." ಮಂಡ್ಯದ ಮನುಷ್ಯ, ಸ್ಟೇರಿಂಗ್ ಹಿಡಿಯೋನು ಅವನೇ. "ಹದಿಮೂರು ಗಂಟೆ ಕಣೇ. ಮಕ್ಕಳೇನೋ ಬದುಕ್ತವೆ, ನಾವು ಬದುಕ್ತೀವಾ?" ಅಂದ.

ನಿಜ ಹೇಳಬೇಕಂದರೆ ನನಗೂ ಅದೇ ಭಯ. ಒಂದೂವರೆ ವರ್ಷದ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹೇಳುವುದು ಸುಲಭ. ಅವರು ಚಳ್ಳಕೆರೆ ರಸ್ತೆಯಲ್ಲಿ ಹಿಂದಿನ ಸೀಟಲ್ಲಿ ಕೂತಿರಲ್ಲವಲ್ಲ.

ಆಗ ಒಂದು ಯೋಚನೆ ಬಂತು. ಅಪ್ಪ ವಾಡಿ ಜಂಕ್ಷನ್‌ನಲ್ಲಿ ರೈಲ್ವೆ ಪಾಯಿಂಟ್ಸ್‌ಮನ್ ಆಗಿ ಕೆಲಸ ಮಾಡಿದವರು. ಮುಂಬೈ ಕಡೆಯ, ಹೈದರಾಬಾದ್ ಕಡೆಯ, ರಾಯಚೂರು ಕಡೆಯ ಗಾಡಿಗಳ ಅನೌನ್ಸ್‌ಮೆಂಟ್ ಕೇಳಿ ಕೇಳಿ ಬಾಯಿಪಾಠ. ನಾನು ಚಿಕ್ಕವಳಿದ್ದಾಗ ಊಟಕ್ಕೆ ಕರೆಯುವುದೂ ಅದೇ ಧಾಟಿಯಲ್ಲಿ. ಫೋನ್ ಮಾಡಿ ಹೇಳಿದೆ, "ಅಪ್ಪಾ, ದಾರಿಯ ಒಂದೊಂದು ಊರಿಗೂ ಒಂದೊಂದು ವಾಯ್ಸ್ ಮೆಸೇಜ್ ಕಳಿಸು. ಒಂದು ನಿಮಿಷ ಸಾಕು. ನೀನೇ ಅನೌನ್ಸರ್."

ಮೊದಲು ಬಂದದ್ದು ಏಳು ನಿಮಿಷದ ಮೆಸೇಜು. ಅದರಲ್ಲಿ ಬರೀ ಕೋಳಿ ಕೂಗುತ್ತಿತ್ತು. ಬಟನ್ ಒತ್ತಿ ಮರೆತುಬಿಟ್ಟಿದ್ದರು. ಆಮೇಲೆ ಒಂದು ವಾರದಲ್ಲಿ ಹನ್ನೊಂದು ಬಂದವು. "ಹಗಲೆಲ್ಲ ದನದ ಕೊಟಗ್ಯಾಗ ನಿಂತು ಒಬ್ಬನೇ ಮಾತಾಡ್ಲಿಕತ್ತಾನ ನಿಮ್ಮಪ್ಪ" ಅಂತ ಅಮ್ಮನ ದೂರು.

ಬೆಳಗಿನ ನಾಲ್ಕಕ್ಕೆ ಹೊರಟೆವು. ಮಕ್ಕಳನ್ನು ರಾತ್ರಿ ಬಟ್ಟೆಯಲ್ಲೇ ಎತ್ತಿ ಕಾರ್ ಸೀಟಿಗೆ ಬೆಲ್ಟ್ ಹಾಕಿದೆವು. ಚಿನ್ನಿಯ ಸೀಟ್ ಮುಂದಕ್ಕೆ, ಗುಂಡನದು ಹಿಂದಕ್ಕೆ ಮುಖ ಮಾಡಿದ್ದು. ನಡುವೆ ನಾನು. "ಕೂಸಿಗಿ ಹಂಗ ಕಟ್ಟಿ ಹಾಕಬಾರದವ್ವಾ, ಮಡಿಲಾಗ ಕೂಡಿಸ್ಕೋ" ಅಂತ ಅಮ್ಮ ಪ್ರತಿ ಸಲ ಹೇಳುತ್ತಾಳೆ. ಗಟ್ಟಿ ಬ್ರೇಕ್ ಬಿದ್ದರೆ ಮಡಿಲ ಮಗುವನ್ನು ಯಾವ ತಾಯಿಯ ಕೈಯೂ ಹಿಡಿದಿಡಲಾರದು. 2019ರ ತಿದ್ದುಪಡಿ ಪ್ರಕಾರ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಮಕ್ಕಳನ್ನು ಕರೆದೊಯ್ದರೆ ಸಾವಿರ ರೂಪಾಯಿ ದಂಡವೂ ಇದೆ. ನಮ್ಮ ಮನೆಯ ನಿಯಮ ಒಂದೇ. ಎಷ್ಟೇ ಅಳಲಿ, ಕಾರು ನಿಲ್ಲದೆ ಬೆಲ್ಟ್ ಬಿಚ್ಚುವಂತಿಲ್ಲ.

ಹಿರಿಯೂರಿನ ತನಕ ಇಬ್ಬರೂ ನಿದ್ದೆ. ಅಲ್ಲಿ ಇಡ್ಲಿ, ಮುಖ ತೊಳೆಯೋದು, ಇಪ್ಪತ್ತು ನಿಮಿಷ ಓಟ. ಕಾರು ಹೊರಡುವಾಗ ಮೊದಲ ಮೆಸೇಜ್ ಹಾಕಿದೆ. ಫೋನ್ ನನ್ನ ಬ್ಯಾಗಿನೊಳಗೆ, ದನಿ ಮಾತ್ರ ಕಾರಿನ ಸ್ಪೀಕರಿನಲ್ಲಿ.

"ಗಮನಿಸಿ, ಗಮನಿಸಿ! ಚಿನ್ನಿ-ಗುಂಡ ಎಕ್ಸ್‌ಪ್ರೆಸ್ ಹಿರಿಯೂರು ಬಿಟ್ಟದ. ಗುಡ್ಡದ ಮ್ಯಾಲ ದೊಡ್ಡ ದೊಡ್ಡ ಫ್ಯಾನ್ ತಿರಗಲಿಕತ್ತಾವ. ಎಷ್ಟು ಅದಾವ ಎಣಿಸಿ ಮುತ್ಯಾಗ ಹೇಳಬೇಕು."

ಚಿನ್ನಿ ಕಣ್ಣರಳಿಸಿ ಸ್ಪೀಕರ್ ಹುಡುಕಿದಳು. ಮುತ್ಯಾ ಕಾಣಲಿಲ್ಲ. ಕಾಣದ್ದಕ್ಕೇ ಇರಬೇಕು, ಕಿಟಕಿಯ ಆಚೆ ನೋಡಿದಳು. ಗಾಳಿಯಂತ್ರ ಕಂಡಿತು. ಐದರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರು. ಅವಳ ಲೆಕ್ಕ ಅಷ್ಟೇ. ಸುಮಾರು ಅರ್ಧ ಗಂಟೆ ಕಳೆಯಿತು.

ಚಳ್ಳಕೆರೆ ಬಳಿ ಕುರಿ ಹಿಂಡು. ಆ ಕುರಿಯ ಉಣ್ಣೆಯಿಂದಲೇ ಆಯಿ ಹೊದೆಯುವ ಕಂಬಳಿ ಆಗೋದು ಅಂತ ಅಪ್ಪನ ದನಿ. ಗುಂಡನಿಗೆ ಬರುವ ಆರು ಮಾತಲ್ಲಿ "ಬ್ಯಾ" ಒಂದು. ಅವನ ಪ್ರಯಾಣ ಅಲ್ಲಿಗೆ ಸಾರ್ಥಕ.

ಉಳಿದ ಹೊತ್ತಿಗೆ ಒಂದು ಚೀಲ ಇತ್ತು. ಅದರಲ್ಲಿ ಹೊಸ ಆಟಿಕೆ ಒಂದೂ ಇಲ್ಲ. ಮುಚ್ಚಳದ ಸ್ಟೀಲ್ ಡಬ್ಬಿ, ಅಳತೆ ಚಮಚ, ಬಟ್ಟೆ ಕ್ಲಿಪ್ಪು, ಕಿಟಕಿಗೆ ಅಂಟಿಸುವ ಬಣ್ಣದ ಚೀಟಿ. ಖಾಲಿ ಟಿಶ್ಯೂ ಡಬ್ಬದಲ್ಲಿ ಗಂಟು ಹಾಕಿ ತುಂಬಿದ ಹಳೇ ದುಪಟ್ಟಾ ತುಂಡುಗಳೂ ಇದ್ದವು, ಎಳೆದಷ್ಟೂ ಬರುತ್ತವೆ. ಒಂದೊಂದನ್ನೂ ಹಳೇ ಪೇಪರಿನಲ್ಲಿ ಸುತ್ತಿಟ್ಟಿದ್ದೆ, ಗಂಟೆಗೊಂದು ಹೊರಗೆ. ಪೇಪರ್ ಹರಿಯುವುದೇ ಐದು ನಿಮಿಷದ ಆಟ. ಕಾಯುವುದು ಬಿಟ್ಟರೆ ಎಲ್ಲ ಕೆಲಸವೂ ಮಕ್ಕಳಿಗೆ ಇಷ್ಟ. ಬಾಯಿಗೆ ಹೋಗುವಷ್ಟು ಸಣ್ಣ ವಸ್ತು ಮಾತ್ರ ಇರಕೂಡದು.

ತಿಂಡಿಗೂ ಅದೇ ಎಚ್ಚರ. ನಮ್ಮ ಕಡೆ ಪ್ರಯಾಣ ಅಂದರೆ ಶೇಂಗಾ. ಆದರೆ ಇಡೀ ಶೇಂಗಾ, ಚಿಕ್ಕಿ, ಗಟ್ಟಿ ಪೆಪ್ಪರ್‌ಮಿಂಟ್ ಇಷ್ಟು ಸಣ್ಣವರ ಗಂಟಲಲ್ಲಿ ಸಿಕ್ಕಿಬೀಳಬಹುದು. ಓಡುವ ಕಾರಿನಲ್ಲಿ ಅದು ತಕ್ಷಣ ಗೊತ್ತೂ ಆಗಲ್ಲ. ಬಾಳೆಹಣ್ಣು, ಮೆತ್ತನೆ ಚಪಾತಿ ಚೂರು, ಇಡ್ಲಿ ಕೊಟ್ಟೆವು, ಅದೂ ಸ್ವಲ್ಪ ಸ್ವಲ್ಪ. ವಾಂತಿಗೆ ಮಾತ್ರೆ ಕೊಡಬೇಕಾದರೆ ಮೊದಲೇ ಮಕ್ಕಳ ಡಾಕ್ಟರನ್ನು ಕೇಳಿ, ದೊಡ್ಡವರ ಮಾತ್ರೆ ಅರ್ಧ ಮಾಡಿ ಕೊಡಬೇಡಿ. ನಮಗೆ ಈ ಸಲ ಬೇಕಾಗಲಿಲ್ಲ. ಚಿನ್ನಿಯ ಕಣ್ಣು ಹೊರಗೇ ಇತ್ತು.

ಸಿರುಗುಪ್ಪ ದಾಟಿದ ಮೇಲೆ ತುಂಗಭದ್ರಾ. "ಹೊಳಿ ಬಂತು! ಎಲ್ಲಾರೂ ಕೈ ಮುಗೀರಿ. ಇದು ಮೊದಲನೇದು. ಇನ್ನೆರಡು ಅದಾವ. ಮೂರೂ ಅಕ್ಕ-ತಂಗ್ಯಾರು, ಮುಂದ ಹೋಗಿ ಒಂದೇ ಆಗ್ತಾರ." ಹಿಂದೆ ಮುಖ ಮಾಡಿ ಕೂತ ಗುಂಡ ನದಿ ಹಿಂದಕ್ಕೆ ಹೋದದ್ದು ನೋಡಿ ಟಾಟಾ ಮಾಡಿದ.

ಇಲ್ಲಿಯವರೆಗೆ ಓದಿ, ಆಹಾ ಎಂಥ ಅಮ್ಮ ಅಂದುಕೊಳ್ಳಬೇಡಿ. ಸಿಂಧನೂರು ದಾಟಿದ ಮೇಲೆ ಎಲ್ಲ ಕೆಟ್ಟಿತು.

ಗುಂಡ ಶುರು ಮಾಡಿದ, ಚಿನ್ನಿ ಸೇರಿಕೊಂಡಳು. ಡಬ್ಬಿ ಎಸೆದಾಯಿತು. ಮುತ್ಯಾನ ದನಿ ಅಳುವಿನಲ್ಲಿ ಮುಳುಗಿತು. "ಕೊಟ್ಬಿಡೇ ಫೋನು" ಅಂದ ಗಂಡ. "ಕೊಡಲ್ಲ" ಅಂದೆ. "ನಿನ್ನ ಹಟಕ್ಕೆ ಮಕ್ಕಳು ಸಾಯ್ಬೇಕಾ?" ಅಂದ. ಆ ಮಾತಿಗೆ ನನಗೂ ಅಳು ಬಂತು. ಈಗ ಕಾರಿನಲ್ಲಿ ಅಳುವವರು ಮೂವರು.

ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಗುಂಡನನ್ನು ಎತ್ತಿದರೆ ಬೆನ್ನೆಲ್ಲ ಬೆವರು, ಡೈಪರ್ ಭಾರ. ಪಶ್ಚಿಮದ ಬಿಸಿಲು ನೇರ ಅವನ ಮುಖಕ್ಕೆ ಬೀಳುತ್ತಿತ್ತು. ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಚಿನ್ನಿಗೆ ಹಸಿವು. ಮಗು ಅತ್ತರೆ ಬೋರ್ ಆಗಿದೆ ಅಂತ ಆಟಿಕೆ ಹುಡುಕುವುದು ನಮ್ಮ ಅಭ್ಯಾಸ. ಹಸಿವು, ಸೆಕೆ, ಒದ್ದೆ, ನಿದ್ದೆ ಎಲ್ಲ ನೋಡಿದ ಮೇಲೆ ಕೊನೆಗೆ ಬರಬೇಕಾದದ್ದು ಬೋರ್. ಬಟ್ಟೆ ಬದಲಿಸಿ, ಕಿಟಕಿಗೆ ಟವೆಲ್ ಕಟ್ಟಿ, ಮೊಸರನ್ನ ತಿನ್ನಿಸಿದೆವು. ಗಂಡ ಚಿನ್ನಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಜೋಳದ ಹೊಲದ ಬದುವಿನ ತನಕ ಹೋಗಿಬಂದ. ಮರಳಿ ಬಂದವನು "ಸಾರಿ ಕಣೇ" ಅಂದ. ನಲವತ್ತು ನಿಮಿಷ ತಡವಾಯಿತು. ಅಷ್ಟೇ ತಾನೇ.

ಮುಂದೆ ಮಸ್ಕಿ. ಅಲ್ಲಿಗೆ ಅಪ್ಪ ಒಂದು ಕಥೆ ಇಟ್ಟಿದ್ದರು. ಒಬ್ಬ ರಾಜ ಇದ್ದ. ದೂರದ ಮಂದಿಗೆ ಮಾತು ಹೇಳಬೇಕಿತ್ತು. ಹೋಗಲಿಕ್ಕೆ ಆಗಲಿಲ್ಲ. ಕಲ್ಲಿನ ಮ್ಯಾಲ ಬರೆಸಿದ. ಒಂದು ಕಲ್ಲು ಈ ಊರಾಗ ಅದ, ಇನ್ನೊಂದು ಮುತ್ಯಾನ ಊರಾಗ ಅದ.

"ರಾಜನ ಹತ್ರ ಫೋನ್ ಇರ್ಲಿಲ್ವಾ?" ಚಿನ್ನಿ ಕೇಳಿದಳು.

ಇರಲಿಲ್ಲ ಕಂದ. ಆ ರಾಜ ಅಶೋಕ. ದೇವಾನಾಂಪ್ರಿಯ ಅನ್ನುವವನೇ ಅಶೋಕ ಅಂತ ಹೆಸರು ಹಿಡಿದು ಹೇಳಿದ್ದು 1915ರಲ್ಲಿ ಸಿಕ್ಕ ಮಸ್ಕಿಯ ಶಾಸನ. ದಾರಿಯ ಪಕ್ಕದ ಊರು, ಎಷ್ಟೋ ವರ್ಷದಿಂದ ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ದಾಟಿದ್ದೆ.

ತಿಂಥಣಿ ಸೇತುವೆಯಲ್ಲಿ ಕೃಷ್ಣಾ, ಎರಡನೇ ಅಕ್ಕ. ಸುರಪುರ ದಾಟಿ ಶಹಾಪುರ ಬಂದಾಗ ಅಪ್ಪನ ದನಿ ಪಿಸುಮಾತಿಗೆ ಇಳಿಯಿತು. "ಶ್... ಗುಡ್ಡ ನೋಡ್ರಿ. ಬುದ್ಧ ಮಲಗ್ಯಾನ. ಸಪ್ಪಳ ಮಾಡಬ್ಯಾಡ್ರಿ, ಎದ್ದಾನು." ಶಹಾಪುರದ ಗುಡ್ಡಗಳ ಸಾಲು ಒಂದು ಕೋನದಿಂದ ಮಲಗಿದ ಬುದ್ಧನ ಹಾಗೇ ಕಾಣುತ್ತೆ. ಚಿನ್ನಿ ಬಾಯಿ ಮೇಲೆ ಬೆರಳಿಟ್ಟಳು. ಕಾರಿನಲ್ಲಿ ಹನ್ನೆರಡು ಗಂಟೆಯಲ್ಲಿ ಮೊದಲ ಸಲ ಪೂರ್ತಿ ಮೌನ. ಗುಂಡ ನಿದ್ದೆ ಹೋದ. ರೈಲ್ವೆಯವರ ಬುದ್ಧಿ ಅಂದರೆ ಇದು.

ಭೀಮೆ ದಾಟುವಾಗ ಹೊತ್ತು ಮುಳುಗುತ್ತಿತ್ತು. ಹನ್ನೊಂದನೇ ಮೆಸೇಜು ಹಾಕಬೇಕೆಂದು ಫೋನ್ ತೆಗೆದೆ. ಬೇಡ ಅನ್ನಿಸಿ ಒಳಗಿಟ್ಟೆ.

ಅಪ್ಪ ಅದೇ ಬಾಗಿಲಲ್ಲಿ ನಿಂತಿದ್ದರು. ಈ ಸಲ ಕೈ ಚಾಚಲಿಲ್ಲ. ಹೋದ ವರ್ಷದ್ದು ಮರೆತಿರಲಿಲ್ಲ ಅಂತ ಕಾಣುತ್ತೆ. ಎರಡು ಹೆಜ್ಜೆ ದೂರದಲ್ಲೇ ನಿಂತು ಗಂಟಲು ಸರಿಮಾಡಿಕೊಂಡರು. "ಗಮನಿಸಿ, ಗಮನಿಸಿ. ಸನ್ನತಿ ಸ್ಟೇಷನ್ ಬಂದದ. ಎಲ್ಲಾರೂ ಇಳೀರಿ."

ಚಿನ್ನಿ ನನ್ನ ಕಾಲಿನ ಹಿಂದೆ ಅಡಗಿದಳು. ಸಿನಿಮಾದ ಹಾಗೆ ಓಡಿಹೋಗಿ ಅಪ್ಪಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಲೆ ಹೊರಗೆ ಹಾಕಿ ಕೇಳಿದಳು, "ಕಾರಲ್ಲಿ ಮಾತಾಡಿದ್ದು ನೀನೇನಾ?"

"ಹೌದವ್ವಾ. ಫ್ಯಾನ್ ಎಷ್ಟು ಇದ್ವು?"

"ಐದು. ಆಮೇಲೆ ಇನ್ನೂ ಐದು." ಇಷ್ಟು ಹೇಳಿ ಅವರ ಬೆರಳು ಹಿಡಿದುಕೊಂಡಳು. ಅಪ್ಪ ಏನೂ ಮಾತಾಡಲಿಲ್ಲ. ಬೆರಳು ಅಲುಗಾಡಿಸದೆ ಹಾಗೇ ನಿಂತರು.

ಮರುದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ಕಡಬು, ಭಜ್ಜಿ ಪಲ್ಯ ಊಟ ಮಾಡಿದೆವು. ಸಂಜೆ ಮುತ್ಯಾನ ಹೆಗಲೇರಿ ಚಿನ್ನಿ ಚಂದ್ರಲಾಂಬೆಯ ಗುಡಿಗೆ ಹೋದಳು. 1986ರಲ್ಲಿ ಈ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡದ್ದು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 90ರ ದಶಕದ ಉತ್ಖನನದಿಂದ ರಾಜನ ಶಿಲ್ಪವೇ ಸಿಕ್ಕಿತು, ಬ್ರಾಹ್ಮಿಯಲ್ಲಿ ಅವನ ಹೆಸರಿನ ಸಮೇತ. ಅಪ್ಪ ಇದನ್ನೆಲ್ಲ ಹೇಳುತ್ತಿದ್ದರು. ಚಿನ್ನಿಗೆ ಅರ್ಥವಾದದ್ದು ಒಂದೇ. "ರಾಜನ ಕಲ್ಲು ಮುತ್ಯಾನ ಮನೆ ಹತ್ರ ಇದೆ."

ವಾಪಸ್ ಹೊರಡುವ ದಿನ ಅತ್ತಳು. ಹೋದ ವರ್ಷ ಅತ್ತದ್ದು ಫೋನಿಗೆ, ಈ ವರ್ಷ ಮುತ್ಯಾನಿಗೆ. ಆ ಅಳುವಿಗೆ ಮಾತ್ರ ನನ್ನ ಚೀಲದಲ್ಲಿ ಏನೂ ಇರಲಿಲ್ಲ.

ಭೀಮೆಯ ಮೇಲೆ ಬಂದಾಗ ಚಿನ್ನಿ ಮೂಗು ಒರೆಸಿಕೊಂಡು ಹೇಳಿದಳು, "ಅಮ್ಮಾ, ನಾನು ಕಳಿಸ್ತೀನಿ." ಬಟನ್ ಒತ್ತಿ ಹಿಡಿದೆ.

"ಗಮನಿಸಿ ಗಮನಿಸಿ. ಮುತ್ಯಾ, ಹೊಳಿ ಬಂತು. ಕೈ ಮುಗಿ."

ಬೆಂಗಳೂರು ಸೇರುವಷ್ಟರಲ್ಲಿ ಒಂಬತ್ತು ಮೆಸೇಜ್ ಹೋಗಿದ್ದವು. ಒಂದರಲ್ಲಿ ಬರೀ ಗುಂಡನ "ಬ್ಯಾ". ಅಪ್ಪ ದಿನಾ ಕೊಟ್ಟಿಗೆಯಲ್ಲಿ ಕೂತು ಅದನ್ನೇ ಹಾಕಿಕೊಂಡು ಕೇಳುತ್ತಾರಂತೆ.