ಉಪ್ಪಿನ ಲೆಕ್ಕ

ಮುದ್ದೇಬಿಹಾಳ ಸೀಮೆಯಲ್ಲಿ ಕಾಲುವೆಯ ಕೆಳಗಿನ ಒಂದು ಎರೆಹೊಲ. ಬಿಸಿಲು ಏರಿದಂತೆ ಅದರ ತಗ್ಗಿನಲ್ಲಿ ಬೂದಿ ಚೆಲ್ಲಿದಂತೆ ಬಿಳುಪು ಮೂಡುವದು. ವೃದ್ಧ ರೈತನು ಅದನ್ನು ಬೆರಳಿನಿಂದ ನಾಲಗೆಗೆ ಮುಟ್ಟಿಸಿ, ಮಗನಿಗೆ "ಸವಳು ಬಂತು, ತಮ್ಮಾ" ಎಂದು ಹೇಳಿ ಸುಮ್ಮನಾದನು. ತಂದೆಯ ಕಾಲದಲ್ಲಿ ನೀರಿಲ್ಲದೆ ಬಾಯ್ದೆರೆದ ನೆಲವು ಮಗನ ಕಾಲದಲ್ಲಿ ನೀರು ಹೆಚ್ಚಾಗಿ ಕೆಡುವದು ದೈವದ ವಿನೋದವೆಂದು ಅವನಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಇದರ ಹಿಂದೆ ಒಂದು ನಿಯಮವುಂಟು: ನೀರು ಆವಿಯಾಗಿ ಹೋಗುವದು, ಉಪ್ಪು ಹೋಗದು.

ಈ ನಿಯಮಕ್ಕೆ ಸಾಕ್ಷಿ ಉತ್ತರ ಧ್ರುವವೃತ್ತದೊಳಗೂ ಇರುವದು. ಗ್ರೀನ್‌ಲ್ಯಾಂಡಿನ ಪಶ್ಚಿಮದಲ್ಲಿ, ಕಾಂಗೆರ್ಲುಸ್ಸುವಾಕ್ ಎಂಬ ಊರಿನ ಬಳಿ, ಉಪ್ಪುನೀರಿನ ಸರೋವರಗಳುಂಟು. ಅಲ್ಲಿ ವರ್ಷದ ಮಳೆಯೂ ಹಿಮವೂ ಕೂಡಿದರೂ ಇಂಡಿ, ಸಿಂದಗಿಗಳ ಮಳೆಗಿಂತ ಬಹಳ ಕಡಿಮೆ. ಆ ಸರೋವರಗಳಿಗೆ ಹೊರದಾರಿಯಿಲ್ಲ; ಸಾವಿರಾರು ಬೇಸಗೆಗಳು ನೀರನ್ನು ಹೀರಿ ಲವಣವನ್ನು ಬಿಟ್ಟಿವೆ. ಅಂಥ ನೀರಿನಲ್ಲಿ ಬಾಳುವ ಒಂದು ಸೂಕ್ಷ್ಮಜೀವಿಯೇ ಆಸ್ಟ್ರಕೋಡ್. ಸೀಗಡಿಯ ದೂರದ ಬಂಧುವಾದ ಇದರ ದೇಹ ಎಳ್ಳಿಗಿಂತ ಚಿಕ್ಕದು. ಅದಕ್ಕೆ ಸುಣ್ಣದ ಎರಡು ಚಿಪ್ಪುಗಳ ಸಂಪುಟ. ಬೆಳೆಯುವಾಗ ಎಂಟು ಸಲ ಚಿಪ್ಪನ್ನು ಕಳಚುವ ಇದು ಪ್ರತಿ ಸಲವೂ ಹೊಸ ಚಿಪ್ಪಿನ ಸುಣ್ಣವನ್ನು ಆಗಿನ ನೀರಿನಿಂದಲೇ ಪಡೆಯುವದು. ಆದುದರಿಂದ ನೀರಿನ ಗುಣವು ಚಿಪ್ಪಿನಲ್ಲಿ ಉಳಿಯುವದು. ಕೆಸರಿನ ಪದರುಗಳಲ್ಲಿ ಹೂತ ಚಿಪ್ಪುಗಳಿಂದ, ಸರೋವರವು ಎಂದು ತುಂಬಿತ್ತು, ಎಂದು ಬತ್ತಿ ಉಪ್ಪಾಯಿತೆಂಬುದನ್ನು ವಿದ್ವಾಂಸರು ಓದುವರು.

ಈ ಜೀವಿಯ ಕುಲ ಕನ್ನಡ ನಾಡಿಗೆ ಹೊಸದಲ್ಲ. ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನಲ್ಲಿ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾರಸದ ಪದರುಗಳ ನಡುವೆ, ಅಂದಿನ ಕೆರೆಗಳ ಹೂಳು ಕಲ್ಲಾಗಿ ನಿಂತಿದೆ. ಅದರಲ್ಲಿ ಆಸ್ಟ್ರಕೋಡ್‌ಗಳ ಚಿಪ್ಪುಗಳು ದೊರೆತಿವೆ. ಇಂಡಿ, ಸಿಂದಗಿಗಳ ಎರೆಮಣ್ಣೂ ದಖ್ಖನದ ಅದೇ ಲಾವಾಶಿಲೆ ಸವೆದು ಆದುದು.

ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲು ಬಿದ್ದ ಯೋಜನೆಯಿಂದ ಕೃಷ್ಣೆಯ ನೀರು ಈ ಬರಗಾಲದ ಸೀಮೆಗೆ ಬಂದಿತು, ಅನ್ನವನ್ನೂ ತಂದಿತು. ಆದರೆ ಎರೆನೆಲವು ನೀರನ್ನು ಬೇಗ ಬಸಿಯಗೊಡದು. ಹೊರದಾರಿಯಿಲ್ಲದ ಹೊಲವು ಗ್ರೀನ್‌ಲ್ಯಾಂಡಿನ ಸರೋವರದ ಗತಿಯನ್ನೇ ಕಾಣುವದು. ಅಲ್ಲಿ ಸಹಸ್ರ ವರ್ಷ ಹಿಡಿದುದು ಇಲ್ಲಿ ಒಂದು ತಲೆಮಾರಿನಲ್ಲಿಯೇ ಆಗುವದು. ನೀರನ್ನು ಅಳತೆಯಿಂದ ಹಾಯಿಸಿ ಬಸಿಗಾಲುವೆ ತೋಡಿದರೆ ಉಪ್ಪಿಗೂ ಹೋಗಲು ದಾರಿಯಾದೀತು.

ವೃದ್ಧನ ಮಗನು ಬಸಿಗಾಲುವೆ ತೋಡಲು ತೊಡಗಿದ್ದಾನೆ. ಅದು ಹಳ್ಳವನ್ನು ಸೇರಬೇಕಾದರೆ ನೆರೆಯವನ ಹೊಲವನ್ನು ದಾಟಬೇಕು. ನೆರೆಯವನು ಇನ್ನೂ ಒಪ್ಪಿಲ್ಲ. ಅವನ ಹೊಲದ ತಗ್ಗಿನಲ್ಲಿಯೂ ಈ ವರ್ಷ ಬಿಳುಪು ಮೂಡಿದೆ.