ಹಣ ಬದಲಿಸುವ ಓಣಿ

ಸಿಂಗಪುರದ ರಾಫಲ್ಸ್ ಚೌಕಕ್ಕೂ ಕಡಲತಡಿಯ ಕಾಲಿಯರ್ ಕೀ ರಸ್ತೆಗೂ ನಡುವೆ ಒಂದು ಕಾಲಕ್ಕೆ ಕಿರಿದಾದ ಓಣಿಯೊಂದಿದ್ದಿತು. ಭುಜಕ್ಕೆ ಭುಜ ತಾಗದೆ ಅಲ್ಲಿ ನಡೆಯುವುದು ಕಷ್ಟ. ಚೇಂಜ್ ಆಲಿ ಎಂದು ಅದರ ಹೆಸರು. 1933ರಲ್ಲಿ ತೆರೆದ ಕ್ಲಿಫರ್ಡ್ ಧಕ್ಕೆಗೆ ಬಂದಿಳಿದ ನಾವಿಕರೂ ಪ್ರವಾಸಿಗಳೂ ರಸ್ತೆ ದಾಟಿದರೆ ಸಾಕು, ಓಣಿಯ ಬಾಯಿ ಅವರನ್ನು ನುಂಗಿಬಿಡುತ್ತಿತ್ತು. ಎರಡೂ ಬದಿಯಲ್ಲಿ ಕೈಗಡಿಯಾರ, ಚರ್ಮದ ಚೀಲ, ಆಟಿಕೆ, ಬಟ್ಟೆಬರೆ. ಹೇಳಿದ ಬೆಲೆಯನ್ನು ಅರ್ಧಕ್ಕಿಳಿಸದೆ ಕೊಂಡವನು ಪೆದ್ದನೆಂದೇ ಲೆಕ್ಕ. ಈ ಗದ್ದಲದ ನಡುವೆ, ಬಹುಪಾಲು ತಮಿಳುನಾಡಿನ ಕಡೆಯಿಂದ ಬಂದ ಮುಸಲ್ಮಾನ ವರ್ತಕರು, ಹಡಗು ತಂದ ಯಾವ ದೇಶದ ನೋಟನ್ನಾದರೂ ಕೊಂಡು ಸಿಂಗಪುರದ ಹಣವನ್ನು ಎಣಿಸಿ ಕೊಡುತ್ತಿದ್ದರು.

1989ರಲ್ಲಿ ಆ ಹಳೆಯ ಓಣಿ ಮುಚ್ಚಿತು. ಹೆಸರೊಂದು ಅಲ್ಲಿ ಎದ್ದ ಹೊಸ ಕಟ್ಟಡದ ಹಾದಿಗೆ ಅಂಟಿಕೊಂಡು ಉಳಿದಿದೆ. ಆದರೆ ಕಸುಬು ಹೋಗಲಿಲ್ಲ; ಊರೆಲ್ಲ ಹರಡಿಕೊಂಡಿತು. ಆರ್ಚರ್ಡ್ ರಸ್ತೆಯ ಲಕ್ಕಿ ಪ್ಲಾಜಾದಲ್ಲಿ, ಚೀನೀಯರ ಪೇಟೆಯ ಪೀಪಲ್ಸ್ ಪಾರ್ಕ್ ಸಂಕೀರ್ಣದಲ್ಲಿ, ಲಿಟ್ಲ್ ಇಂಡಿಯಾದ ಸೈಯದ್ ಅಲ್ವಿ ರಸ್ತೆಯ ಮುಸ್ತಫಾ ಮಳಿಗೆಯ ಆಸುಪಾಸಿನಲ್ಲಿ ಇಂದಿಗೂ ಅದೇ ದೃಶ್ಯ: ಗಾಜಿನ ಹಿಂದೆ ಒಬ್ಬನೇ ಕುಳಿತುಕೊಳ್ಳಬಹುದಾದ ಗೂಡು, ರಬ್ಬರು ಪಟ್ಟಿ ಬಿಗಿದ ನೋಟಿನ ಕಂತೆಗಳು, ತಲೆಯ ಮೇಲೆ ಅಂಕಿಗಳ ಫಲಕ. ಮಾತು ಹೆಚ್ಚಿಲ್ಲ. ಗಿರಾಕಿ ಮೊತ್ತವನ್ನು ಹೇಳುತ್ತಾನೆ. ವರ್ತಕನು ಲೆಕ್ಕದ ಯಂತ್ರವನ್ನು ಒತ್ತಿ ಅದರ ಮುಖವನ್ನು ಗಾಜಿನತ್ತ ತಿರುಗಿಸುತ್ತಾನೆ. ಒಪ್ಪಿದರೆ ವ್ಯಾಪಾರ, ಇಲ್ಲವಾದರೆ ನಾಲ್ಕು ಹೆಜ್ಜೆಯ ಆಚೆ ಇನ್ನೊಂದು ಗೂಡು.

ಈ ನಾಲ್ಕು ಹೆಜ್ಜೆಯಲ್ಲಿಯೇ ಗುಟ್ಟೆಲ್ಲ ಅಡಗಿದೆ. ಕನ್ನಡದಲ್ಲಿ ಈ ಕಸುಬಿನವನಿಗೆ ಚಿನಿವಾರನೆಂಬ ಹಳೆಯ ಹೆಸರುಂಟು. ಒಂದು ನಾಣ್ಯಕ್ಕೆ ಇನ್ನೊಂದನ್ನು ಕೊಡುವಾಗ ಅವನು ಮುರಿದುಕೊಳ್ಳುವ ಭಾಗಕ್ಕೆ ವಟ್ಟವೆಂದು ಹೆಸರು. ಇಂದಿನ ಫಲಕಗಳಲ್ಲಿ ‘ಕಮಿಷನ್ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುವುದು ಸುಳ್ಳಲ್ಲ. ಆದರೆ ವಟ್ಟವು ದರದ ಒಳಗೇ ಕುಳಿತಿರುತ್ತದೆ. ಲೆಕ್ಕದ ಅನುಕೂಲಕ್ಕೆ, ಒಂದು ಪರದೇಶದ ನಾಣ್ಯವನ್ನು ಅಂಗಡಿಯವನು 68 ರೂಪಾಯಿಗೆ ಕೊಂಡು 72ಕ್ಕೆ ಮಾರುತ್ತಾನೆಂದು ಇಟ್ಟುಕೊಳ್ಳೋಣ. 72,000 ರೂಪಾಯಿ ಕೊಟ್ಟು ಸಾವಿರ ನಾಣ್ಯ ಪಡೆದವನು, ಪ್ರಯಾಣ ರದ್ದಾಗಿ ಮರುಕ್ಷಣವೇ ಅವನ್ನು ಹಿಂದಿರುಗಿಸಿದರೆ ಕೈಗೆ ಬರುವುದು 68,000. ಎಲ್ಲಿಗೂ ಹೋಗದೆಯೇ ನಾಲ್ಕು ಸಾವಿರದ ಪ್ರವಾಸ ಮುಗಿಯಿತು! ಆದುದರಿಂದ ಬಲ್ಲವರು ಒಂದೇ ಅಂಕಿಯನ್ನು ನೋಡುವುದಿಲ್ಲ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರವನ್ನು ನೋಡುತ್ತಾರೆ.

ವಿಮಾನ ನಿಲ್ದಾಣದಲ್ಲಿ ಈ ಅಂತರ ಅಗಲವಾಗುತ್ತದೆ. ಅಲ್ಲಿನ ಬಾಡಿಗೆ ದುಬಾರಿ, ಅಂಗಡಿಗಳು ಬೆರಳೆಣಿಕೆಯಷ್ಟು, ಗಿರಾಕಿಯೋ ನಿದ್ದೆಗೆಟ್ಟು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು, ಬಾಡಿಗೆ ಕಾರಿಗೆ ಅವಸರಪಡುತ್ತಿರುವವನು. ಓಣಿಯಲ್ಲಾದರೋ ಗಿರಾಕಿಗೆ ಕಾಲುಗಳಿವೆ. ಆ ಕಾಲುಗಳ ಭಯದಿಂದಲೇ ವಟ್ಟ ಕುಗ್ಗುತ್ತದೆ. ಸರ್ಕಾರದ ನೀತಿಯ ಪಾತ್ರವೂ ಇಲ್ಲದಿಲ್ಲ. ಸಿಂಗಪುರವು ವಿದೇಶೀ ವಿನಿಮಯದ ನಿರ್ಬಂಧಗಳನ್ನು 1978ರಲ್ಲಿ ಪೂರ್ತಿಯಾಗಿ ತೆಗೆದುಹಾಕಿತು. ಪರವಾನಗಿ ಪಡೆದು ಯಾರಾದರೂ ಈ ಅಂಗಡಿಯನ್ನು ತೆರೆಯಬಹುದು. ಅದೇ ಕಾಲದಲ್ಲಿ ಭಾರತದಿಂದ ಓದಲು ಹೊರಟ ತರುಣರು ಎಂಟು ಡಾಲರುಗಳನ್ನು ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತುತ್ತಿದ್ದ ಕಥೆಗಳು ಅನೇಕ ಮನೆಗಳಲ್ಲಿ ಇನ್ನೂ ಕೇಳಿಬರುತ್ತವೆ. 1973ರ ಕಠಿಣ ಕಾನೂನಿನ ಬದಲು 2000ದಲ್ಲಿ ಹೊಸ ಕಾನೂನು ಜಾರಿಗೆ ಬಂದ ಮೇಲೆ ನಮ್ಮಲ್ಲಿಯೂ ಗಂಟು ಸಡಿಲವಾಯಿತು.

ಸಡಿಲವಾಯಿತೆಂದರೆ ಬಿಚ್ಚಿತೆಂದಲ್ಲ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯಲ್ಲಿ ಸಿಂಗಪುರಕ್ಕೆ ಹಾರುವ ಕುಟುಂಬದವರಲ್ಲಿ ತಲೆಗೆ 25,000 ರೂಪಾಯಿಗಿಂತ ಹೆಚ್ಚು ಭಾರತೀಯ ನೋಟುಗಳಿರಕೂಡದು. ರೂಪಾಯಿಯನ್ನೇ ಹೊತ್ತುಕೊಂಡು ಹೋಗಿ ಎಲ್ಲವನ್ನೂ ಮುಸ್ತಫಾದ ಬಳಿ ಬದಲಿಸುತ್ತೇವೆಂಬ ಲೆಕ್ಕಾಚಾರ ಅಲ್ಲಿಗೇ ಮುರಿಯುತ್ತದೆ. ಪರದೇಶದ ನೋಟುಗಳನ್ನಾದರೋ ಒಂದು ಪ್ರಯಾಣಕ್ಕೆ 3,000 ಅಮೆರಿಕನ್ ಡಾಲರುಗಳ ಬೆಲೆಯವರೆಗೆ ಒಯ್ಯಬಹುದು, ಮಿಕ್ಕದ್ದು ಕಾರ್ಡಿನಲ್ಲಿರಬೇಕು. ಆದುದರಿಂದ ಓಣಿಯ ಪಾಠವನ್ನು ಊರಿನಲ್ಲಿಯೇ ಪ್ರಯೋಗಿಸುವುದು ಮೇಲು. ಹೊರಡುವ ವಾರ ಮೊದಲೇ ಮೂರು ನಾಲ್ಕು ಅಧಿಕೃತ ಅಂಗಡಿಗಳನ್ನು ವಿಚಾರಿಸಿ, ‘ದರವೆಷ್ಟು?’ ಎಂಬ ಪ್ರಶ್ನೆಯ ಬದಲು, ‘ಐನೂರು ಸಿಂಗಪುರ ಡಾಲರಿಗೆ ತೆರಿಗೆ ಸಹಿತ ಒಟ್ಟು ಎಷ್ಟು ಕೊಡಬೇಕು?’ ಎಂದು ಕೇಳಿದರೆ ಮುಚ್ಚಿಟ್ಟ ವಟ್ಟವೆಲ್ಲ ಹೊರಬೀಳುತ್ತದೆ. ತೆರಿಗೆಯೇನೋ ಅಲ್ಪವೇ: ಒಂದು ಲಕ್ಷ ರೂಪಾಯಿಯ ವಿನಿಮಯಕ್ಕೆ 180 ರೂಪಾಯಿ. ರೂಪಾಯಿಯನ್ನು ಅಮೆರಿಕನ್ ಡಾಲರಾಗಿಸಿ, ಅದನ್ನು ಮತ್ತೆ ಅಲ್ಲಿ ಸಿಂಗಪುರದ ಡಾಲರಾಗಿಸುವವರು ವಟ್ಟವನ್ನು ಎರಡು ಸಲ ತೆರುತ್ತಾರೆ. ಅಂಗಡಿಯ ಕಾರ್ಡ್ ಯಂತ್ರವು ‘ರೂಪಾಯಿಯಲ್ಲಿ ಕೊಡುವಿರಾ, ಡಾಲರಿನಲ್ಲಿಯೇ?’ ಎಂದು ಬಹು ವಿನಯದಿಂದ ಕೇಳುವುದುಂಟು. ತಾಯ್ನಾಡಿನ ಹಣದ ಮೇಲಿನ ಅಭಿಮಾನವನ್ನು ಆ ಒಂದು ಕ್ಷಣ ಬದಿಗಿಡತಕ್ಕದ್ದು. ರೂಪಾಯಿಯೆಂದು ಒತ್ತಿದರೆ ಯಂತ್ರದವರು ತಮಗೆ ಬೇಕಾದ ದರವನ್ನು ಹಾಕುತ್ತಾರೆ.

ಭಾನುವಾರ ಸಂಜೆ ಲಿಟ್ಲ್ ಇಂಡಿಯಾದ ಸೆರಂಗೂನ್ ರಸ್ತೆಗೆ ಹೋದವರಿಗೆ ಈ ಪೈಸೆಗಳ ತೂಕ ಬೇರೆಯೇ ರೀತಿಯಲ್ಲಿ ತಿಳಿಯುತ್ತದೆ. ಕಟ್ಟಡ ಕಟ್ಟುವ, ಹಡಗು ದುರಸ್ತಿ ಮಾಡುವ ಕೂಲಿಕಾರರು, ತಮಿಳರು, ತೆಲುಗರು, ಬಂಗಾಳಿಗಳು, ವಾರದ ಒಂದೇ ಬಿಡುವಿನಲ್ಲಿ ಅಲ್ಲಿ ನೆರೆಯುತ್ತಾರೆ. ಊರಿಗೆ ಹಣ ಕಳುಹಿಸುವ ಅಂಗಡಿಗಳ ಮುಂದೆ ನಿಂತು ಫಲಕವನ್ನು ಓದುವ ಅವರ ಕಣ್ಣುಗಳಲ್ಲಿ ಪ್ರವಾಸಿಯ ಕುತೂಹಲವಿಲ್ಲ. ತಿಂಗಳಿಗೆ ಆರುನೂರು ಡಾಲರು ಕಳುಹಿಸುವವನಿಗೆ ಡಾಲರಿಗೆ ಮೂವತ್ತು ಪೈಸೆ ಕಡಿಮೆಯಾದರೆ 180 ರೂಪಾಯಿ ನಷ್ಟ, ವರ್ಷಕ್ಕೆ 2,160. ಊರಿನಲ್ಲಿ ಅದು ಮಗುವಿನ ಪುಸ್ತಕ, ಸಮವಸ್ತ್ರ. ವಿಶ್ವದ ವಿನಿಮಯ ಪೇಟೆ ಶನಿವಾರ ಭಾನುವಾರ ಮುಚ್ಚಿರುವುದರಿಂದ, ಸೋಮವಾರ ಏನಾಗುವುದೋ ಎಂಬ ಅಳುಕಿನಿಂದ ವರ್ತಕರು ಆ ಎರಡು ದಿನ ದರವನ್ನು ತುಸು ಬಿಗಿಹಿಡಿಯುವುದುಂಟು. ಬಿಡುವಿರುವ ಪ್ರವಾಸಿ ಬುಧವಾರ ಬರಬಹುದು. ಕೂಲಿಕಾರನಿಗೆ ಭಾನುವಾರವೇ ಗತಿಯಾಗಿತ್ತು. ಈಗೀಗ ಕೈಯಲ್ಲಿನ ದೂರವಾಣಿಯಿಂದಲೇ ಹಣ ಕಳುಹಿಸುವುದು ಸಾಧ್ಯವಾಗಿ ಅವನ ಕಷ್ಟ ಸ್ವಲ್ಪ ಹಗುರವಾಗಿದೆ. ಆದರೂ ಸಾಲು ಕರಗಿಲ್ಲ. ಎಣಿಸಿದ ನೋಟಿನ ಮೇಲೆ ಇರುವ ನಂಬಿಕೆ ಅಷ್ಟು ಬೇಗ ಹೋಗತಕ್ಕದ್ದಲ್ಲ.

ಸಿಂಗಪುರದಲ್ಲಿ ಚಿಲ್ಲರೆಯ ಜೊತೆಗೆ ಒಮ್ಮೊಮ್ಮೆ ಬ್ರೂನೈ ದೇಶದ ನೋಟೊಂದು ಕೈಸೇರುವುದುಂಟು. ಗಾಬರಿ ಬೇಡ, 1967ರ ಒಪ್ಪಂದದ ಪ್ರಕಾರ ಎರಡೂ ದೇಶಗಳ ಡಾಲರುಗಳು ಸಮಬೆಲೆಯವು, ಅಲ್ಲಿ ಯಾವ ವಟ್ಟವೂ ಇಲ್ಲ. ಆದರೆ ಬೆಂಗಳೂರಿನಲ್ಲಿ ಅದನ್ನು ಕೊಳ್ಳುವವರು ಸುಲಭವಾಗಿ ಸಿಕ್ಕರು. ಅಲ್ಲಿಯೇ ಕಾಫಿಗೋ ಬಸ್ಸಿಗೋ ಮೊದಲು ಖರ್ಚು ಮಾಡುವುದು ಜಾಣತನ. ಉಳಿದ ಪರದೇಶದ ನೋಟುಗಳನ್ನು ಹಿಂದಿರುಗಿದ 180 ದಿನಗಳೊಳಗೆ ಮಾರಬೇಕೆಂದು ನಮ್ಮ ನಿಯಮ. 2,000 ಅಮೆರಿಕನ್ ಡಾಲರುಗಳ ಬೆಲೆಯಷ್ಟನ್ನು ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ನಾಣ್ಯಗಳನ್ನಂತೂ ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು. ಅವನ್ನು ಚಿನಿವಾರರು ಸಾಮಾನ್ಯವಾಗಿ ಮುಟ್ಟುವುದೂ ಇಲ್ಲ. ಮಕ್ಕಳ ಡಬ್ಬಿಗೆ ಸೇರುತ್ತವೆ.